ಶಾಮಿಯಾನಕ್ಕೆ ಯಾವ ಬಣ್ಣ, ಗೌಡ್ರೇ?

ಸಕಲೇಶಪುರದ ಕಡೆಯ ನಮ್ಮ ಗೌಡ್ರ ಮಗನಿಗೆ ಮೇ ತಿಂಗಳಲ್ಲಿ ಮದುವೆ. ಮುಹೂರ್ತ ಹೆಣ್ಣಿನ ಕಡೆಯವರ ಊರಿನ ಛತ್ರದಲ್ಲಿ. ಆರತಕ್ಷತೆ ಮಾತ್ರ ಗೌಡ್ರ ಮನೆ ಮುಂದಿನ ಕಾಫಿ ಕಣದಲ್ಲಿ. ಅಲ್ಲಿ ಎಂಥ ಪೆಂಡಾಲ್ ಹಾಕಿಸಬೇಕು ಎಂದು ತೀರ್ಮಾನಿಸಲು ಹಾಸನದ ಮೇಷ್ಟ್ರ ಮನೆ ಜಗಲಿಯಲ್ಲಿ ನಾಲ್ಕು ಜನ ಕೂತಿದ್ದೆವು. ನಾಲ್ವರಲ್ಲಿ ಒಬ್ಬರೂ ಜನ್ಮದಲ್ಲಿ ಪೆಂಡಾಲ್ ಕಟ್ಟಿದವರಲ್ಲ. ಹಾಗಾಗಿ ಮಾತಿಗೆ ಬರ ಇರಲಿಲ್ಲ.

"ಮೊದಲು ಬಣ್ಣ ಹೇಳಿ" ಎಂದ ಫೋಟೋ ಸ್ಟುಡಿಯೋದವನು. "ಕೆಂಪು ಬಟ್ಟೆ ಮಾತ್ರ ಬೇಡ. ಹಗಲು ಬೆಳಕು ಅದರ ಮೂಲಕ ಇಳಿದರೆ ಎಲ್ಲರ ಮುಖವೂ ಕೆಂಪು. ನೀಲಿ ಹಾಕಿಸಿದರೆ ಬೀಗರೆಲ್ಲ ಚಳಿಜ್ವರ ಬಂದವರ ಹಾಗೆ ಕಾಣ್ತಾರೆ. ಬಿಳಿ, ಇಲ್ಲಾಂದ್ರೆ ಕೆನೆ ಬಣ್ಣ ಹಾಕಿಸಿ."

"ನಮ್ಮ ಬೀಗರ ಮುಖ ಆಗಲೇ ಕೆಂಪಗಿದೆ" ಎಂದರು ಗೌಡ್ರು. "ಬೀಗರೂಟಕ್ಕೆ ಎಷ್ಟು ಕುರಿ ಅಂತ ನಾನಿನ್ನೂ ಬಾಯಿ ಬಿಟ್ಟಿಲ್ಲ."

ಮೇಷ್ಟ್ರು ಗಣಿತದವರು. ಬಣ್ಣದ ಮಾತು ಅವರಿಗೆ ಹಿಡಿಸಲಿಲ್ಲ. "ಮೇ ತಿಂಗಳು ಅಂದ್ರಲ್ಲ, ಸಂಜೆ ಗುಡುಗಿ ಸುರಿಯುವ ಕಾಲ ಅದು. ಶಾಮಿಯಾನ 18 ಅಡಿಗೆ 36 ಅಡಿ ಅಂದುಕೊಳ್ಳಿ. 648 ಚದರ ಅಡಿ, ಅಂದರೆ ಸುಮಾರು 60 ಚದರ ಮೀಟರ್. ಒಂದೇ ಒಂದು ಸೆಂಟಿಮೀಟರ್ ಮಳೆ ಬಿದ್ದು ಬಟ್ಟೆ ಮೇಲೆ ನಿಂತರೆ ಎಷ್ಟಾಯ್ತು? 600 ಲೀಟರ್. 600 ಕೆಜಿ!"

ಗೌಡ್ರು ಅದನ್ನು ತಮ್ಮ ಲೆಕ್ಕಕ್ಕೆ ತಿರುಗಿಸಿಕೊಂಡರು. "50 ಕೆಜಿ ಮೂಟೆ ಅಂದ್ರೆ 12 ಮೂಟೆ ಕಾಫಿ. ನನ್ನ ಮಗನ ತಲೆ ಮೇಲಾ?"

ಮಟ್ಟಸವಾಗಿ ಕಟ್ಟಿದ ಬಟ್ಟೆಯ ಶಾಮಿಯಾನದ ಕಥೆಯೇ ಇಷ್ಟು. ನಡುವೆ ಹೊಟ್ಟೆ ಬಿಡುತ್ತದೆ, ನೀರು ಅಲ್ಲೇ ತುಂಬುತ್ತದೆ. ಆಗ ಯಾರೋ ಒಬ್ಬ ಉತ್ಸಾಹಿ ಗಳ ಹಿಡಿದು ಕೆಳಗಿಂದ ಎತ್ತುತ್ತಾನೆ. ನೀರೆಲ್ಲ ಒಂದೇ ಸಲ ಅಂಚಿಗೆ ಬಂದು ಸುರಿಯುತ್ತದೆ. ಆ ಅಂಚಿನಲ್ಲಿ ತಟ್ಟೆ ಹಿಡಿದು ನಿಂತಿರುವವರು ಯಾವಾಗಲೂ ಗಂಡಿನ ಸೋದರಮಾವನೇ ಆಗಿರುತ್ತಾರೆ. ಏನು ಮಾಯೆಯೋ ಗೊತ್ತಿಲ್ಲ. ಹೂವಿಗೆ, ದೀಪಕ್ಕೆ ಎಷ್ಟಾದರೂ ಖರ್ಚು ಮಾಡಿ, ಮಲೆನಾಡಲ್ಲಿ ಸೂರಿನ ಇಳಿಜಾರಿಗೆ ಮಾತ್ರ ಚೌಕಾಸಿ ಮಾಡಬೇಡಿ ಅನ್ನುವುದು ನನ್ನ ವಾದ. ಜಗಲಿಯಲ್ಲಿ ನನ್ನ ವಾದ ಕೇಳುವವರು ಯಾರು?

"ಹಾಗಾದರೆ ಜರ್ಮನ್ ಟೆಂಟ್ ಹಾಕಿಸಿ" ಎಂದ ಫೋಟೋದವನು. "ಅಲ್ಯೂಮಿನಿಯಂ ಚೌಕಟ್ಟು, ಎರಡೂ ಕಡೆ ಇಳಿಜಾರು, ಮೇಲೆ ದಪ್ಪ ಟಾರ್ಪಾಲು. ನಡುವೆ ಒಂದು ಕಂಬವೂ ಇರಲ್ಲ. ಫೋಟೋಗೆ ಏನೂ ಅಡ್ಡ ಬರಲ್ಲ."

"ನೆಲಕ್ಕೆ ಹೇಗೆ ನಿಲ್ಲಿಸ್ತಾರೆ?"

"ಬೋಲ್ಟ್ ಹೊಡಿತಾರೆ."

ಗೌಡ್ರು ಕಾಫಿ ಲೋಟ ಕೆಳಗಿಟ್ಟರು. "ಸಿಮೆಂಟು ಹಾಕಿಸಿದ ಕಣ ಅದು. ತೂತು ಹೊಡೆದರೆ ಡಿಸೆಂಬರಲ್ಲಿ ಹಣ್ಣು ಎಲ್ಲಿ ಒಣಗಿಸ್ಲಿ, ನಿನ್ನ ಸ್ಟುಡಿಯೋದಲ್ಲಾ?"

"ಬೋಲ್ಟ್ ಬೇಡ, ಕಾಲಿಗೆ ಭಾರ ಇಟ್ಟು, ಹಗ್ಗ ಎಳೆದು ಪಕ್ಕದ ಸಿಲ್ವರ್ ಮರಕ್ಕೆ ಬಿಗಿಸಲಿ" ಎಂದೆ.

"ಅದರ ಮೇಲೆ ಮೆಣಸಿನ ಬಳ್ಳಿ ಇದೆ."

"ಅದರ ಪಕ್ಕದ ಮರಕ್ಕೆ?"

"ಅದರ ಮೇಲೂ ಇದೆ."

ಹಗ್ಗದ ಮಾತು ಅಲ್ಲಿಗೆ ನಿಂತಿತು. ಎಷ್ಟು ಭಾರ ಇಡಬೇಕು ಅನ್ನುವುದನ್ನು ಟೆಂಟಿನವರೇ ಲೆಕ್ಕ ಹಾಕಲಿ ಅಂದೆವು. ಗಾಳಿ ಎತ್ತಿಕೊಂಡು ಹೋಗುವ ವಸ್ತು ಅದು. ನಾವು ಜಗಲಿಯಲ್ಲಿ ಕೂತು ಹೇಳುವಂಥದ್ದಲ್ಲ.

ಅಳತೆಗೆ ಬಂದಾಗ ಮೇಷ್ಟ್ರು ಮತ್ತೆ ಜೀವ ತಳೆದರು. ಕುರ್ಚಿ ಸಾಲು ಹಾಕುವುದಾದರೆ ಒಬ್ಬರಿಗೆ ಹತ್ತು ಚದರ ಅಡಿ ಹಿಡಿಯಬೇಕಂತೆ. ಆದರೆ ಆರತಕ್ಷತೆಯಲ್ಲಿ ಕೂರುವವರು ಯಾರು ಹೇಳಿ? ಬರ್ತಾರೆ, ಸಾಲಲ್ಲಿ ನಿಲ್ತಾರೆ, ಮುಯ್ಯಿ ಕವರು ಕೊಡ್ತಾರೆ, ಕ್ಯಾಮೆರಾ ನೋಡಿ ಹಲ್ಲು ಬಿಡ್ತಾರೆ, ಸೀದಾ ಊಟಕ್ಕೆ. ಸ್ಟೇಜಿನ ಮುಂದೆ ಖಾಲಿ ಕುರ್ಚಿ, ಊಟದ ಕಡೆ ನೂಕುನುಗ್ಗಲು. ಸೂರು ಬೇಕಿರುವುದು ಊಟದ ಕಡೆಗೆ.

ಅಷ್ಟರಲ್ಲಿ ಗೌಡ್ರ ಮನೆಯಿಂದ ಅಕ್ಕನ ಫೋನು. ಹಿಂದೆಯೇ ಒಂದು ಫೋಟೋ. ಬೇಲೂರು ದೇವಸ್ಥಾನದ ಥರ ಸ್ಟೇಜು, ಎಡಬಲಕ್ಕೆ ಥರ್ಮಾಕೋಲಿನ ಶಿಲಾಬಾಲಿಕೆಯರು.

"ವಿಷ್ಣುವರ್ಧನ 1117ರಲ್ಲಿ ಕಲ್ಲಲ್ಲಿ ಮಾಡಿಸಿದ್ದು" ಎಂದರು ಮೇಷ್ಟ್ರು. "ನವರಂಗದಲ್ಲಿ 48 ಕಂಬ. ಅದರಲ್ಲಿ ನರಸಿಂಹ ಕಂಬ ಒಂದು ಕಾಲದಲ್ಲಿ ತಿರುಗುತ್ತಿತ್ತು ಅಂತಾರೆ."

"ಥರ್ಮಾಕೋಲಿನದು ಈಗಲೂ ತಿರುಗುತ್ತೆ" ಎಂದ ಫೋಟೋದವನು. "ಫ್ಯಾನ್ ಹಾಕಿದರೆ ಸಾಕು."

ನನಗಂತೂ ಇದು ಹಿಡಿಸಲಿಲ್ಲ. ಬಸ್ಸು ಹತ್ತಿದರೆ ಬೇಲೂರೇ ಸಿಗುವ ಊರಲ್ಲಿ, ಬೇಲೂರಿಂದಲೇ ನೆಂಟರು ಬರುವ ಮದುವೆಯಲ್ಲಿ ಥರ್ಮಾಕೋಲಿನ ಬೇಲೂರು ಯಾಕೆ? ಹಿತ್ತಲಲ್ಲಿ ಸಿಗುವುದರಲ್ಲೇ ಸಿಂಗಾರ ಮಾಡಿ ಅಂದೆ. ಅಕ್ಕನಿಗೆ ಅದೂ ಇಷ್ಟವೇ. ಫೋನಲ್ಲೇ ಪಟ್ಟಿ ಶುರುವಾಯಿತು.

"ಕಾಫಿ ಹೂವಿನ ಮಾಲೆ?"

"ಮೇ ತಿಂಗಳಿಗೆ ಹೂವು ಎಲ್ಲಿದೆ, ಕಾಯಿ ಕಟ್ಟಿರುತ್ತೆ" ಎಂದರು ಗೌಡ್ರು. "ಇದ್ದಿದ್ದರೂ ಕೀಳೋಕೆ ಬಿಡ್ತಿದ್ನಾ?"

"ಅಡಿಕೆ ಹಿಂಗಾರ?"

"ಒಂದು ಹಿಂಗಾರ ಕಿತ್ತರೆ ಒಂದು ಗೊನೆ ಹೋಯ್ತು."

"ಮತ್ತೇನು ಹಾಕ್ಲಿ, ನಿಮ್ಮ ಹಳೇ ಪಂಚೆನಾ?"

ಕೊನೆಗೆ ಒಪ್ಪಿಗೆಯಾಗಿದ್ದು ತೆಂಗಿನ ಗರಿ, ಮಾವಿನ ತೋರಣ, ಬಾಗಿಲಿಗೆ ಎರಡು ಬಾಳೆ ಕಂಬ, ಜೊತೆಗೆ ತೋಟದ ಚರಂಡಿ ಬದಿಯ ಜರೀಗಿಡ. ಜರೀಗಿಡ ಎಷ್ಟು ಬೇಕಾದರೂ ಕಿತ್ಕೊಳ್ಳಿ ಎಂದರು ಗೌಡ್ರು, ಬಹಳ ಉದಾರವಾಗಿ. ಸೇವಂತಿಗೆ, ಸುಗಂಧರಾಜ ಪೇಟೆಯಿಂದ.

ದೀಪದ ವಿಷಯದಲ್ಲಿ ಮಾತ್ರ ನನ್ನ ಮಾತು ನಡೆಯಿತು. ಮೊದಲ ಮಳೆ ಬಿದ್ದ ಸಂಜೆ ಮಳೆಹುಳ ಏಳುತ್ತವಲ್ಲ, ಬಿಳಿ ಫ್ಲಡ್‌ಲೈಟ್ ಕಂಡರೆ ಊರಿಗೆ ಊರೇ ಬಂದು ಪಾಯಸಕ್ಕೆ ಬೀಳುತ್ತವೆ. ಹಳದಿ ದೀಪಕ್ಕೆ ಅಷ್ಟು ಬರುವುದಿಲ್ಲ. ಊಟದ ಕಡೆ ಹಳದಿ ಬಲ್ಬು, ಜೋರು ಬೆಳಕು ದೂರದಲ್ಲಿ, ಗಾಡಿ ನಿಲ್ಲಿಸುವ ಕಡೆ. ಫೋಟೋದವನು ಗೊಣಗಿದ. ಎಲೆಯಲ್ಲಿ ರೆಕ್ಕೆ ಬಿದ್ದ ಫೋಟೋ ಬೇಕಾ ಅಂದಾಗ ಸುಮ್ಮನಾದ.

ಇಷ್ಟೆಲ್ಲ ಆದ ಮೇಲೆ ಟೆಂಟಿನವನಿಗೆ ಫೋನ್ ಮಾಡಿದೆವು. ಅವನು ಬಣ್ಣ ಕೇಳಲಿಲ್ಲ, ಹೂವು ಕೇಳಲಿಲ್ಲ. "ಮನೆ ತನಕ ಲಾರಿ ಬರುತ್ತಾ ಸಾರ್?" ಎಂದ.

ಗೌಡ್ರು ನಮ್ಮ ಮುಖ ನೋಡಿದರು. "ಜೀಪು ಬರುತ್ತೆ."

"ಹಾಗಾದರೆ ಲಾರಿ ಟಾರ್ ರೋಡಲ್ಲೇ ನಿಲ್ಲುತ್ತೆ. ಸಾಮಾನು ಅಲ್ಲಿಂದ ಟ್ರ್ಯಾಕ್ಟರಲ್ಲಿ ಬರಬೇಕು. ಟ್ರ್ಯಾಕ್ಟರ್ ಇದೆಯಾ?"

"ನಂದೇ ಇದೆ" ಎಂದರು ಗೌಡ್ರು. ಮುಖ ಅರಳಿತು. "ಅದರ ಬಾಡಿಗೆ ನಿಮ್ಮ ಬಿಲ್ಲಲ್ಲಿ ಎಷ್ಟು ಮುರ್ಕೊಳ್ತೀರಿ?"