ನೇಕಾರರ ಕವಿತೆಯ ಬಗ್ಗೆ ನೀನು ಕೇಳಿದ್ದಕ್ಕೆ

ಪುಟ್ಟಿ, ನಿನ್ನೆ ರಾತ್ರಿ ನೀನು ಈ ಗುಂಪಿನಲ್ಲಿ ಹಾಕಿದ ಪ್ರಶ್ನೆಯನ್ನು ಈಗಷ್ಟೇ ನೋಡಿದೆ. ಸರೋಜಿನಿ ನಾಯ್ಡು ಅವರ ‘ಇಂಡಿಯನ್ ವೀವರ್ಸ್’ ಕವಿತೆಯ ಬೆಳಗು, ಸಂಜೆ, ಬೆಳದಿಂಗಳ ರಾತ್ರಿಗಳೆಂದರೆ ಹುಟ್ಟು, ಮದುವೆ, ಸಾವು ಎಂದು ಬರೆದರೆ ಸಾಕೇ ಎಂದು ಕೇಳಿದ್ದೀಯ. ಅಂಕಕ್ಕೆ ಸಾಕಾಗಬಹುದು. ಆದರೆ 1905ರಲ್ಲಿ ‘ದಿ ಗೋಲ್ಡನ್ ಥ್ರೆಶೋಲ್ಡ್’ ಸಂಕಲನದಲ್ಲಿ ಬಂದ ಈ 12 ಸಾಲುಗಳ ಜೀವ ಇರುವುದು ಉಪಮೆಗಳಲ್ಲಿ.

ಮೊದಲ ಪದ್ಯದಲ್ಲಿ ಹಸುಗೂಸಿನ ಉಡುಪು ಮಿಂಚುಳ್ಳಿಯ ರೆಕ್ಕೆಯಂತೆ ನೀಲಿ, ಎರಡನೆಯದರಲ್ಲಿ ರಾಣಿಯ ಮದುವೆಯ ಮುಸುಕು ನವಿಲುಗರಿಯಂತೆ ನೇರಳೆ ಮತ್ತು ಹಸಿರು, ಮೂರನೆಯದರಲ್ಲಿ ಸತ್ತವನಿಗೆ ಹೊದಿಸುವ ಬಟ್ಟೆ ಗರಿಯಂತೆ, ಮೋಡದಂತೆ ಬಿಳಿ. ಮೊದಲೆರಡು ಕಡೆ ಹಕ್ಕಿಗೆ ಹೆಸರಿದೆ. ಕೊನೆಯಲ್ಲಿ ಅದು ಯಾವ ಹಕ್ಕಿಯ ಗರಿಯೆಂದೇ ಹೇಳಿಲ್ಲ. ಬಣ್ಣದೊಂದಿಗೆ ಹಕ್ಕಿಯೂ ಹೋಗಿ, ಗರಿಯಷ್ಟೇ ಉಳಿದಿದೆ. ಕವಯಿತ್ರಿಯ ಮನಸ್ಸಿನಲ್ಲಿ ಇದ್ದದ್ದು ಇದೇ ಎಂದು ನಾನು ವಾದಿಸಲಾರೆ, ಆದರೂ ಅಲ್ಲಿಗೆ ಬಂದಾಗಲೆಲ್ಲ ನನಗೆ ‘ಪ್ರಾಣಪಕ್ಷಿ ಹಾರಿಹೋಯಿತು’ ಎಂಬ ನಮ್ಮ ಮಾತೇ ನೆನಪಾಗುತ್ತದೆ.

ಪ್ರಶ್ನೆಗಳನ್ನೂ ಗಮನಿಸು. ಮೊದಲೆರಡು ಪದ್ಯಗಳಲ್ಲಿ ಕೇಳುವವರು ಇಷ್ಟು ಚೆಲುವಾದ, ಇಷ್ಟು ಹೊಳಪಿನ ಬಟ್ಟೆಯನ್ನು ‘ಏಕೆ’ ನೇಯುತ್ತೀರಿ ಎನ್ನುತ್ತಾರೆ, ಅಂದರೆ ಅವರ ಕಣ್ಣು ಬಟ್ಟೆಯ ಮೇಲಿದೆ. ಮೂರನೆಯದರಲ್ಲಿ ಮಾತ್ರ ಗಂಭೀರವಾಗಿ, ನಿಶ್ಚಲವಾಗಿ ಕುಳಿತ ನೇಕಾರರೇ ಮೊದಲು ಕಣ್ಣಿಗೆ ಬೀಳುವುದರಿಂದ, ‘ಏನನ್ನು’ ನೇಯುತ್ತಿದ್ದೀರಿ ಎಂದು ಕೇಳಬೇಕಾಗುತ್ತದೆ. ನೇಕಾರರು ಮಾತ್ರ ಮೂರು ಸಲವೂ ಉತ್ತರದ ಕೊನೆಯ ಸಾಲನ್ನು ‘ನಾವು ನೇಯುತ್ತೇವೆ’ ಎಂದೇ ಆರಂಭಿಸುತ್ತಾರೆ. ಹುಟ್ಟಿಗೂ ಸಾವಿಗೂ ಲಾಳಿ ಓಡುವುದು ಅದೇ ಮಗ್ಗದಲ್ಲಿ.

ಈ ನೇಕಾರರು ಸೃಷ್ಟಿ, ಸ್ಥಿತಿ, ಲಯಗಳ ತ್ರಿಮೂರ್ತಿಗಳೆಂಬ ವಿವರಣೆಯೂ ನಿನಗೆ ಸಿಗಬಹುದು. ನನಗೆ ಅದು ಅಷ್ಟಾಗಿ ಒಪ್ಪಿಗೆಯಿಲ್ಲ. ದುಡಿಯುವ ಕೈಗಳನ್ನು ದೇವರನ್ನಾಗಿ ಮಾಡಿದರೆ, ಇರುಳಿನ ಚಳಿಯಲ್ಲೂ ಕೆಲಸ ಬಿಡದ ಮನುಷ್ಯರು ಕವಿತೆಯಿಂದ ಮರೆಯಾಗುತ್ತಾರೆ.

ಇನ್ನೊಂದು ವಿಷಯ: ಕವಿತೆಯಲ್ಲಿ ನಡುಹಗಲೂ ಇಲ್ಲ, ಮುಪ್ಪೂ ಇಲ್ಲ. ಮದುವೆಯ ಮುಸುಕು ಮುಗಿಯುತ್ತಲೇ ನೇರವಾಗಿ ಹೆಣದ ಬಟ್ಟೆ ಮಗ್ಗಕ್ಕೆ ಏರುತ್ತದೆ. ಮದುವೆಯ ಸಂಭ್ರಮವನ್ನೂ ಕವಯಿತ್ರಿ ಕತ್ತಲಾಗುವ ಹೊತ್ತಿನಲ್ಲೇ ಇಟ್ಟಿರುವುದರಿಂದ, ಆ ನೇರಳೆ ಬಣ್ಣದಲ್ಲಿ ಆಗಲೇ ಇರುಳಿನ ನೆರಳಿದೆ ಎಂದು ನನಗನಿಸುತ್ತದೆ. ಉತ್ತರವನ್ನು ಹಕ್ಕಿಗಳಿಂದ ಆರಂಭಿಸು, ಹೊತ್ತುಗಳ ವಿಚಾರ ಆಮೇಲೆ ಒಂದು ಸಾಲಿನಲ್ಲಿ ಬರಲಿ.