ಸಹಾಯ ಬೇಕು: ಜೋಹಾನ್ಸ್‌ಬರ್ಗ್‌ನಲ್ಲಿ ಮೆಡಿಕಲ್ ಏಡ್, ದಂಡ, ಕಾಯುವ ಅವಧಿ

ನಮಸ್ಕಾರ. ಕೆಲಸದ ವೀಸಾ ಮೇಲೆ ಬೆಂಗಳೂರಿಂದ ಬರ್ತಿರೋ ದಂಪತಿಗೆ ಮೆಡಿಕಲ್ ಏಡ್ (ದಕ್ಷಿಣ ಆಫ್ರಿಕಾದಲ್ಲಿ ತಿಂಗಳ ಕಂತು ಕಟ್ಟಿ ಸದಸ್ಯರಾಗೋ ಖಾಸಗಿ ಆರೋಗ್ಯ ಸ್ಕೀಮ್) ಆರಿಸಬೇಕು. ಗಂಡನಿಗೆ 47, ಪತ್ನಿಗೆ 41. ಪತ್ನಿಗೆ ಟೈಪ್ 2 ಸಕ್ಕರೆ ಕಾಯಿಲೆ, ದಿನಾ ಮಾತ್ರೆ ಇದೆ. ಕಂಪನಿ ಗುಂಪು ಯೋಜನೆ ಇಲ್ಲ.

ನಿಯಮ ಗೊತ್ತಿದೆ: ಕಾಯಿಲೆ ಇದೆ ಅಂತ ಅರ್ಜಿ ತಿರಸ್ಕರಿಸುವಂತಿಲ್ಲ. ಆದರೆ 3 ತಿಂಗಳ ಸಾಮಾನ್ಯ ಕಾಯುವ ಅವಧಿ, ಹಿಂದಿನ 12 ತಿಂಗಳಲ್ಲಿ ಚಿಕಿತ್ಸೆ ಪಡೆದ ಕಾಯಿಲೆಗೆ 12 ತಿಂಗಳವರೆಗೆ ತಡೆ ಹಾಕಬಹುದು. ಅಲ್ಲಿನ ಸ್ಕೀಮ್‌ನಲ್ಲಿ ಮೊದಲು ಸದಸ್ಯರಾಗಿರದವರಿಗೆ ಕಡ್ಡಾಯ ಕನಿಷ್ಠ ಸೌಲಭ್ಯಗಳನ್ನೂ (ಎಲ್ಲ ಸ್ಕೀಮ್‌ಗಳೂ ಕೊಡಲೇಬೇಕಾದ ಚಿಕಿತ್ಸೆಗಳ ಪಟ್ಟಿ) ಆ ಅವಧಿಯಲ್ಲಿ ನಿರಾಕರಿಸಬಹುದು. ಸಕ್ಕರೆ ಕಾಯಿಲೆ ಆ ಪಟ್ಟಿಯಲ್ಲಿದ್ದರೂ ಅಷ್ಟೇ. ತಡವಾಗಿ ಸೇರಿದ್ದಕ್ಕೆ ಕಂತಿನ ಮೇಲೆ ದಂಡ ಬೇರೆ: ವಯಸ್ಸಿನಿಂದ 35 ಮತ್ತು ಹಳೆಯ ಸದಸ್ಯತ್ವದ ವರ್ಷಗಳನ್ನು ಕಳೆದರೆ 1–4 ಬಂದರೆ 5%, 5–14 ಬಂದರೆ 25%. ಇಬ್ಬರೂ 25% ದಂಡದಲ್ಲೇ ಸಿಕ್ಕಿಬೀಳ್ತಾರೆ (12 ಮತ್ತು 6). ಊರಿನ ಪಾಲಿಸಿ ಎಷ್ಟು ಹಳೆಯದಾದರೂ ಲೆಕ್ಕಕ್ಕಿಲ್ಲ, ಅದೇ ಬೇಜಾರು. ಕಾಯಿಲೆ ಮುಚ್ಚಿಡಿ ಅನ್ನೋ ಸಲಹೆ ದಯವಿಟ್ಟು ಬೇಡ, ಗೊತ್ತಾದರೆ ಸದಸ್ಯತ್ವವೇ ರದ್ದಾಗಬಹುದು.

ಈಗ ಪ್ರಶ್ನೆಗಳು. ಆ 12 ತಿಂಗಳು ಮಾತ್ರೆ, ಎಚ್‌ಬಿಎ1ಸಿ (ಸುಮಾರು ಮೂರು ತಿಂಗಳ ಸರಾಸರಿ ಸಕ್ಕರೆ) ಪರೀಕ್ಷೆಗೆ ಖಾಸಗಿಯಲ್ಲಿ ತಿಂಗಳಿಗೆ ಎಷ್ಟು ರಾಂಡ್ ಬೀಳುತ್ತೆ? ಆಸ್ಪತ್ರೆ ಪ್ಲಾನ್ (ಮುಖ್ಯವಾಗಿ ದಾಖಲಾದಾಗಿನ ಖರ್ಚಿಗೆ) ಜೊತೆ ಗ್ಯಾಪ್ ಕವರ್ (ವೈದ್ಯರ ಬಿಲ್ಲಿಗೂ ಸ್ಕೀಮ್ ಕೊಡೋದಕ್ಕೂ ಇರೋ ವ್ಯತ್ಯಾಸ ತುಂಬೋ ಬೇರೆ ವಿಮೆ) ಸಾಕಾ? ತಜ್ಞರು ಸ್ಕೀಮ್ ದರದ ದುಪ್ಪಟ್ಟು ಬಿಲ್ ಹಾಕೋದು ಮಾಮೂಲು, ಹಾಗಾಗಿ ಗ್ಯಾಪ್ ಕವರ್ ಬಿಡೋ ಧೈರ್ಯ ಇಲ್ಲ. ನೆಟ್‌ವರ್ಕ್ ಪ್ಲಾನ್ (ಸ್ಕೀಮ್ ಗೊತ್ತು ಮಾಡಿದ ಆಸ್ಪತ್ರೆಗಳಿಗೆ ಮಾತ್ರ ಹೋಗಬೇಕಾದದ್ದು) ಅಗ್ಗ, ಆದರೆ ಜೋಹಾನ್ಸ್‌ಬರ್ಗ್‌ನ ಸ್ಯಾಂಡ್ಟನ್ ಸುತ್ತ ಯಾವ ಆಸ್ಪತ್ರೆಗಳು ಅದರಲ್ಲಿ ಬರುತ್ತವೆ ಅಂತ ಬಳಸ್ತಿರೋರು ತಿಳಿಸಿ.