ಕೀಮೋ ನಡೆಯುತ್ತಿರುವಾಗಲೇ ಸ್ತನ ಕ್ಯಾನ್ಸರ್ ಹರಡಿದರೆ: ನಮ್ಮ ಬಳಗದ ಸದಸ್ಯರು ಉಪಶಮನ ವೈದ್ಯೆಯೊಂದಿಗೆ (ನೋವು, ಸಂಕಟ ತಗ್ಗಿಸುವ ವೈದ್ಯೆ) ನಡೆಸಿದ ಪ್ರಶ್ನೋತ್ತರ

ಪ್ರಶ್ನೆ (ಶಾಲಾ ಶಿಕ್ಷಕಿ, ಚಿತ್ರದುರ್ಗ ಜಿಲ್ಲೆ):
ನಮಸ್ಕಾರ ಡಾಕ್ಟರ್. ನನಗೆ 46 ವರ್ಷ. ಎಡ ಸ್ತನದ ಗಡ್ಡೆ ದೊಡ್ಡದಿದ್ದುದರಿಂದ ಮೊದಲು ಕೀಮೋ, ಆಮೇಲೆ ಶಸ್ತ್ರಚಿಕಿತ್ಸೆ ಎಂದು ನಿರ್ಧಾರವಾಗಿತ್ತು. ವರದಿಯಲ್ಲಿ ‘ಟ್ರಿಪಲ್ ನೆಗೆಟಿವ್’ (ಎರಡು ಹಾರ್ಮೋನ್ ಗ್ರಾಹಕಗಳೂ ಹರ್-2 ಪ್ರೋಟೀನೂ ಇಲ್ಲದ ಬಗೆ) ಎಂದಿದೆ. ಕೆಂಪು ಔಷಧಿಯ ಸುತ್ತುಗಳು ಮುಗಿದು, ವಾರಕ್ಕೊಮ್ಮೆ ಕೊಡುವ ಪ್ಯಾಕ್ಲಿಟ್ಯಾಕ್ಸೆಲ್ ಅರ್ಧಕ್ಕೆ ಬಂದಿದ್ದಾಗ ಬೆನ್ನುನೋವು ಶುರುವಾಯಿತು. ಪೆಟ್ ಸ್ಕ್ಯಾನ್‌ನಲ್ಲಿ ಬೆನ್ನುಮೂಳೆ ಮತ್ತು ಯಕೃತ್ತಿನಲ್ಲಿ ಹೊಸ ಚುಕ್ಕೆಗಳು ಕಂಡಿವೆ. ಶಸ್ತ್ರಚಿಕಿತ್ಸೆ ಸದ್ಯಕ್ಕೆ ಬೇಡ, ಔಷಧಿ ಬದಲಿಸೋಣ ಎಂದಿದ್ದಾರೆ. ಕೂದಲು ಹೋಯಿತು, ಬಾಯೆಲ್ಲ ಹುಣ್ಣಾಯಿತು, ಎಲ್ಲವನ್ನೂ ತಡೆದುಕೊಂಡೆ. ಆದರೂ ಹೀಗಾಯಿತು. ಬಿಳಿರಕ್ತಕಣ ಕಡಿಮೆಯಾಗಿ ಒಂದು ಸುತ್ತು ಒಂದು ವಾರ ಮುಂದೆ ಹೋಗಿತ್ತು. ಯುಗಾದಿಗೆ ಹೋಳಿಗೆ ತಿಂದಿದ್ದೆ, ಸಕ್ಕರೆ ತಿಂದರೆ ಕ್ಯಾನ್ಸರ್ ಬೆಳೆಯುತ್ತದೆ ಎಂದು ಓರಗಿತ್ತಿ ಈಗ ಹೇಳುತ್ತಿದ್ದಾಳೆ. ನನ್ನ ಕೈಯಾರೆ ಹೀಗಾಯಿತೇ? ಒಂದು ಔಷಧಿ ಕೈಕೊಟ್ಟ ಮೇಲೆ ಇನ್ನೊಂದರಿಂದ ಏನು ಪ್ರಯೋಜನ? ನನಗೆ ಎಷ್ಟು ಕಾಲ ಉಳಿದಿದೆ ಎಂದು ಕೇಳಲು ಧೈರ್ಯ ಬರುತ್ತಿಲ್ಲ. ಮಗಳು ದ್ವಿತೀಯ ಪಿಯುಸಿ ಓದುತ್ತಿದ್ದಾಳೆ.

ಉತ್ತರ:
ಅಮ್ಮ, ಮೊದಲು ಹೋಳಿಗೆಯ ಮಾತು ಮುಗಿಸಿಬಿಡೋಣ. ನೀವು ಸಕ್ಕರೆ ಬಿಟ್ಟರೂ ದೇಹ ಅನ್ನದಿಂದ, ಬೇಳೆಯಿಂದ, ತನ್ನದೇ ಸ್ನಾಯುವಿನಿಂದ ಸಕ್ಕರೆ ತಯಾರಿಸಿಕೊಳ್ಳುತ್ತದೆ. ಮೆದುಳಿಗೂ ಹೃದಯಕ್ಕೂ ಅದು ಬೇಕು. ಉಪವಾಸದಿಂದ ಸೊರಗುವವರು ನೀವು, ಗಡ್ಡೆಯಲ್ಲ. ಮಧುಮೇಹ ಇಲ್ಲದಿದ್ದರೆ ಹಬ್ಬದ ಹೋಳಿಗೆ ತಿನ್ನಿ. ಒಂದು ವಾರ ಸುತ್ತು ಮುಂದೆ ಹೋದದ್ದೂ ಕಾರಣವಲ್ಲ. ಬಿಳಿಕಣ ಕಡಿಮೆಯಿದ್ದಾಗ ಕೀಮೋ ಕೊಟ್ಟಿದ್ದರೆ ಸೋಂಕು ತಗುಲಿ ಜೀವಕ್ಕೇ ಅಪಾಯವಾಗುತ್ತಿತ್ತು. ನಿಮ್ಮ ವೈದ್ಯರು ಮಾಡಿದ್ದು ಸರಿಯಾದ ಕೆಲಸ.

ಹಾಗಾದರೆ ಹರಡಿದ್ದೇಕೆ? ಒಂದೇ ಗಡ್ಡೆಯೊಳಗೆ ಇರುವ ಕೋಶಗಳೆಲ್ಲ ಒಂದೇ ಸ್ವಭಾವದವಲ್ಲ. ಗದ್ದೆಗೆ ಕಳೆನಾಶಕ ಹೊಡೆದಾಗ ಹೆಚ್ಚಿನ ಕಳೆ ಒಣಗಿ, ಅದಕ್ಕೆ ಜಗ್ಗದ ಒಂದು ಜಾತಿ ಮಾತ್ರ ಎದ್ದು ನಿಲ್ಲುವುದನ್ನು ನೀವು ನೋಡಿರಬಹುದು. ಇಲ್ಲಿ ಆದದ್ದೂ ಅದೇ. ಔಷಧಿಯನ್ನು ಹೊರಗೆ ತಳ್ಳುವ, ಕೆಟ್ಟ ಡಿಎನ್‌ಎಯನ್ನು ಸರಿಪಡಿಸಿಕೊಳ್ಳುವ ಕೋಶಗಳು ಉಳಿದು ಬೆಳೆದವು. ‘ರೋಗಿ ಕೀಮೋಗೆ ಸ್ಪಂದಿಸಲಿಲ್ಲ’ ಎಂದು ನಾವು ವೈದ್ಯರು ಬರೆಯುವ ಪದ್ಧತಿ ನನಗೆ ಎಂದೂ ಒಪ್ಪಿಗೆಯಾಗಿಲ್ಲ. ಸೋತದ್ದು ಔಷಧಿ. ನೀವು ಮಾಡಬೇಕಾದ್ದನ್ನೆಲ್ಲ ಮಾಡಿದ್ದೀರಿ.

ಸ್ಕ್ಯಾನ್ ಬಗ್ಗೆ ಒಂದು ಮಾತು. ಚಿಕಿತ್ಸೆ ಶುರುವಾದ ಮೊದಲ ಕೆಲವು ತಿಂಗಳಲ್ಲಿ, ಮೂಳೆ ವಾಸಿಯಾಗುತ್ತಿರುವ ಜಾಗವೂ ಬೋನ್ ಸ್ಕ್ಯಾನ್‌ನಲ್ಲಿ ಹೊಸ ಚುಕ್ಕೆಯ ಹಾಗೆ ಹೊಳೆಯಬಹುದು. ಸ್ತನ ಕ್ಯಾನ್ಸರಿನ ಏರಿಳಿತ ಗಮನಿಸಲು ಮಾಡುವ ಸಿ.ಎ. 15-3 ರಕ್ತಪರೀಕ್ಷೆಯ ಅಂಕಿಯೂ ಮೊದಲ ವಾರಗಳಲ್ಲಿ ಏರಿ ಆಮೇಲೆ ಇಳಿಯುವುದುಂಟು. ಆದ್ದರಿಂದ ಆ ಒಂದು ಅಂಕಿಯನ್ನೋ ಮೂಳೆಯ ಒಂದು ಚುಕ್ಕೆಯನ್ನೋ ನಂಬಿ ಯಾರೂ ಔಷಧಿ ಬದಲಿಸಬಾರದು. ನಿಮ್ಮ ಸಂಗತಿ ಬೇರೆ. ಯಕೃತ್ತಿನ ಹೊಸ ಚುಕ್ಕೆಗಳನ್ನು ಹಾಗೆ ವಿವರಿಸಲಾಗುವುದಿಲ್ಲ. ಸಾಧ್ಯವಿದ್ದರೆ ಅಲ್ಲಿಂದ ಸೂಜಿಯಲ್ಲಿ ತುಣುಕು ತೆಗೆದು ಮತ್ತೊಮ್ಮೆ ಬಯಾಪ್ಸಿ ಮಾಡಿಸುವ ಬಗ್ಗೆ ಕೇಳಿ. ಸ್ತನದ ಗಡ್ಡೆಯ ಗುಣ ಒಂದಾಗಿದ್ದು, ಹರಡಿದ ಜಾಗದ ಗುಣ ಇನ್ನೊಂದಾಗಿರುವುದು ಅಪರೂಪವಲ್ಲ. ಹಾರ್ಮೋನ್ ಗ್ರಾಹಕವೋ ಹರ್-2 ಎಂಬ ಪ್ರೋಟೀನೋ ಅಲ್ಪ ಪ್ರಮಾಣದಲ್ಲಿ ಕಂಡರೂ ಬೇರೆ ಔಷಧಿಗಳ ಬಾಗಿಲು ತೆರೆಯುತ್ತದೆ. ಜೊತೆಗೆ ಪಿ.ಡಿ.-ಎಲ್.1 ಪರೀಕ್ಷೆ ಮತ್ತು ಬಿ.ಆರ್.ಸಿ.ಎ. ಎಂಬ ವಂಶವಾಹಿಯ ರಕ್ತಪರೀಕ್ಷೆ ಆಗಿದೆಯೇ ಎಂದು ವಿಚಾರಿಸಿ. ಮೊದಲನೆಯದು ಇಮ್ಯುನೋಥೆರಪಿ (ದೇಹದ ರೋಗನಿರೋಧಕ ಶಕ್ತಿಯನ್ನೇ ಕ್ಯಾನ್ಸರಿನ ಮೇಲೆ ಎಬ್ಬಿಸುವ ಚಿಕಿತ್ಸೆ) ನಿಮಗೆ ಹೊಂದುತ್ತದೆಯೇ ಎಂದು ತಿಳಿಸುತ್ತದೆ. ಎರಡನೆಯದರಲ್ಲಿ ದೋಷ ಕಂಡರೆ ಒಲಾಪರಿಬ್ ಎಂಬ ಮಾತ್ರೆ ಉಪಯೋಗಕ್ಕೆ ಬರಬಹುದು. ಆ ದೋಷ ವಂಶದಲ್ಲಿ ಇಳಿಯುವಂಥದ್ದು, ನಿಮ್ಮ ಅಕ್ಕತಂಗಿಯರಿಗೂ ಮುಂದೆ ಮಗಳಿಗೂ ಆ ಮಾಹಿತಿ ಬೇಕಾಗುತ್ತದೆ.

ಇವೆಲ್ಲ ಇಲ್ಲದಿದ್ದರೂ ಕಾರ್ಬೋಪ್ಲಾಟಿನ್, ಕ್ಯಾಪೆಸಿಟಬಿನ್ ಮಾತ್ರೆ, ಎರಿಬುಲಿನ್ ಇವೆ. ಪ್ರತಿಯೊಂದೂ ಕೋಶವನ್ನು ಬೇರೆ ಬೇರೆ ಕಡೆಯಿಂದ ಹೊಡೆಯುತ್ತದೆ. ಪ್ಯಾಕ್ಲಿಟ್ಯಾಕ್ಸೆಲ್‌ಗೆ ಜಗ್ಗದ ಗಡ್ಡೆ ಇವುಗಳಲ್ಲಿ ಒಂದಕ್ಕೆ ಕುಗ್ಗುವುದನ್ನು ನಾವು ನೋಡುತ್ತೇವೆ. ಆದರೆ ಒಂದು ಮಾತನ್ನು ನಿಮ್ಮಿಂದ ಮುಚ್ಚಿಡಲಾರೆ. ಈ ಹಂತದಲ್ಲಿ ಕಾಯಿಲೆಯನ್ನು ಬೇರುಸಹಿತ ತೆಗೆಯುವುದು ಸಾಮಾನ್ಯವಾಗಿ ಆಗುವುದಿಲ್ಲ. ಗುರಿ ಅದನ್ನು ಹಿಡಿದಿಡುವುದು, ನೋವಿಲ್ಲದೆ ಓಡಾಡಿಕೊಂಡಿರುವ ಕಾಲವನ್ನು ಹಿಗ್ಗಿಸುವುದು.

ಈಗ ಬೆನ್ನು. ಇದನ್ನು ಮನೆಯವರೂ ಓದಲಿ. ನೋವು ಇದ್ದಕ್ಕಿದ್ದಂತೆ ಹೆಚ್ಚಿದರೆ, ಕಾಲಿನಲ್ಲಿ ಬಲ ಕಡಿಮೆಯಾದರೆ, ಕಾಲು ಜೋಮು ಹಿಡಿದಂತಾದರೆ, ಮೂತ್ರ ಕಟ್ಟಿಕೊಂಡರೆ ಅಥವಾ ಗೊತ್ತಾಗದೆ ಹೋದರೆ, ಅದೇ ದಿನ, ರಾತ್ರಿಯಾದರೆ ರಾತ್ರಿಯೇ, ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಿ. ಬೆನ್ನುಹುರಿ ಒತ್ತಿಹೋಗುತ್ತಿರುವ ಲಕ್ಷಣ ಅದು. ಕಾಲು ಪೂರ್ತಿ ಸೋಲುವ ಮುಂಚೆ ಸ್ಟೀರಾಯ್ಡ್ ಮತ್ತು ವಿಕಿರಣ ಚಿಕಿತ್ಸೆ ಸಿಕ್ಕರೆ ನಡಿಗೆ ಉಳಿಯುವ ಸಂಭವ ಹೆಚ್ಚು, ಸೋತ ಮೇಲೆ ಮರಳಿ ಬರುವುದು ಕಷ್ಟ. ಎಣ್ಣೆ ಹಚ್ಚಿ ಬೆನ್ನು ನೀವಿಸಿಕೊಳ್ಳುವುದು, ಮೂಳೆ ಕೂರಿಸುವವರ ಬಳಿ ಹೋಗುವುದು ಖಂಡಿತ ಬೇಡ. ಟೊಳ್ಳಾದ ಮೂಳೆ ಅಲ್ಲಿಯೇ ಮುರಿಯಬಹುದು.

ನೋವಿಗೆ ವಿಕಿರಣದ ಒಂದೇ ಸಿಟ್ಟಿಂಗ್, 8 ಗ್ರೇ (ವಿಕಿರಣದ ಅಳತೆ), ಅನೇಕರಿಗೆ ಸಾಕಾಗುತ್ತದೆ. ಮೊದಲ ಒಂದೆರಡು ದಿನ ನೋವು ಹೆಚ್ಚಿದಂತೆನಿಸಬಹುದು, ಪೂರ್ತಿ ಗುಣ ಕಾಣಲು ಕೆಲವು ವಾರ ಬೇಕು. ಮೂಳೆ ಗಟ್ಟಿಯಾಗಿಸಲು ಜೋಲೆಡ್ರಾನಿಕ್ ಆಸಿಡ್ ಚುಚ್ಚುಮದ್ದು ಕೊಡುತ್ತಾರೆ. ಅದಕ್ಕೆ ಮೊದಲು ಹುಳುಕು ಹಲ್ಲಿದ್ದರೆ ತೋರಿಸಿ ಸರಿಪಡಿಸಿಕೊಳ್ಳಿ. ಚುಚ್ಚುಮದ್ದು ಶುರುವಾದ ಮೇಲೆ ಹಲ್ಲು ಕೀಳಿಸಿದರೆ ದವಡೆಯ ಮೂಳೆ ವಾಸಿಯಾಗದೆ ಉಳಿಯುವ ಅಪಾಯವಿದೆ. ಇವೆಲ್ಲದರ ನಡುವೆ ನೋವು ಉಳಿದರೆ ಮಾರ್ಫಿನ್ ಮಾತ್ರೆ ಕೇಳಲು ಹಿಂಜರಿಯಬೇಡಿ. ಅದು ಸಾಯುವವರಿಗೆ ಕೊಡುವ ಔಷಧಿ ಎಂಬ ಭಯ ನಮ್ಮಲ್ಲಿ ಬಹಳ. ತೀವ್ರ ನೋವಿರುವ ಯಾರಿಗೂ, ಕೀಮೋ ನಡೆಯುತ್ತಿರುವಾಗಲೂ ಕೊಡುವ ಔಷಧಿ ಅದು. ನೋವಿಗೆಂದು ಲೆಕ್ಕದಲ್ಲಿ ತೆಗೆದುಕೊಂಡರೆ ಚಟವಾಗುವುದು ತೀರಾ ಅಪರೂಪ. ನೋವು ಬಂದಾಗ ನುಂಗುವುದಲ್ಲ, ಗಡಿಯಾರ ನೋಡಿ ನಾಲ್ಕು ಗಂಟೆಗೊಮ್ಮೆ ನುಂಗುವುದು. ಮಲಬದ್ಧತೆ ಬಂದೇ ಬರುತ್ತದೆ, ಮೊದಲ ದಿನದಿಂದಲೇ ಅದಕ್ಕೂ ಔಷಧಿ ಬರೆಸಿಕೊಳ್ಳಿ.

ಎಷ್ಟು ಕಾಲ ಎಂಬ ಪ್ರಶ್ನೆಗೆ ನಿಮ್ಮ ವರದಿಗಳನ್ನು ನೋಡದೆ ನಾನು ಹೇಳುವ ಯಾವ ಅಂಕಿಯೂ ನಿಜವಾಗಿರುವುದಿಲ್ಲ. ಹೊಸ ಔಷಧಿಯ ಎರಡು ಮೂರು ಸುತ್ತಿನ ನಂತರ ಸ್ಕ್ಯಾನ್ ಮಾಡುತ್ತಾರೆ. ಆಗ ನಿಮ್ಮ ಕ್ಯಾನ್ಸರ್ ವೈದ್ಯರನ್ನು, ‘ನಾವು ವರ್ಷಗಳ ಮಾತಾಡುತ್ತಿದ್ದೇವೆಯೇ, ತಿಂಗಳುಗಳ ಮಾತಾಡುತ್ತಿದ್ದೇವೆಯೇ?’ ಎಂದು ಕೇಳಿ. ಹೀಗೆ ಕೇಳಿದರೆ ಹೆಚ್ಚಿನ ವೈದ್ಯರು ಪ್ರಾಮಾಣಿಕವಾಗಿ ಉತ್ತರಿಸುತ್ತಾರೆ. ಕೇಳಲು ಮನಸ್ಸಿಲ್ಲದಿದ್ದರೆ ಕೇಳಬೇಕಾಗಿಲ್ಲ, ಅದೂ ನಿಮ್ಮ ಹಕ್ಕು.

ಮಗಳಿಗೆ ಹೇಳಿ. ಹದಿನೇಳು ವರ್ಷದ ಹುಡುಗಿ ಮನೆಯ ಪಿಸುಮಾತನ್ನು ಕೇಳಿಸಿಕೊಂಡಿರುತ್ತಾಳೆ, ತಿಳಿಯದ ಭಾಗವನ್ನು ಇನ್ನೂ ಕೆಟ್ಟದಾಗಿ ಊಹಿಸಿರುತ್ತಾಳೆ. ‘ಕಾಯಿಲೆ ಹರಡಿದೆ, ಔಷಧಿ ಬದಲಿಸುತ್ತಿದ್ದಾರೆ, ಏನಾದರೂ ಬದಲಾದರೆ ನಿನ್ನಿಂದ ಮುಚ್ಚಿಡುವುದಿಲ್ಲ’ ಎಂದರೆ ಸಾಕು. ಪರೀಕ್ಷೆ ಮುಗಿಯಲಿ ಎಂದು ಕಾಯಬೇಡಿ. ನಡುವೆ ಆಸ್ಪತ್ರೆಗೆ ಸೇರುವಂತಾದರೆ ಬೇರೆಯವರ ಬಾಯಿಂದ ತಿಳಿಯುತ್ತದೆ.

ಪ್ರಶ್ನೆ (ಒಬ್ಬ ಪತಿ, ಹಾವೇರಿ):
ಮೇಡಂ, ನನ್ನ ಹೆಂಡತಿಗೂ ಹೀಗೆಯೇ ಆಗಿದೆ. ಅವಳಿಗೆ ಹೇಳಿಲ್ಲ. ಫೈಲನ್ನು ನಮ್ಮ ಅಣ್ಣನ ಮನೆಯಲ್ಲಿಟ್ಟಿದ್ದೇವೆ. ತಿಳಿದರೆ ಎದೆಯೊಡೆದುಕೊಳ್ಳುತ್ತಾಳೆ ಎಂಬ ಭಯ.

ಉತ್ತರ:
ನಿಮ್ಮ ಭಯದ ಹಿಂದೆ ಇರುವುದು ಪ್ರೀತಿ ಎಂದು ಗೊತ್ತು. ಆದರೆ ಔಷಧಿಯ ಬಣ್ಣ ಬದಲಾದದ್ದು, ಫೈಲು ಕಾಣೆಯಾದದ್ದು, ನೀವು ಫೋನ್ ಹಿಡಿದು ಹೊರಗೆ ಹೋಗಿ ಮಾತಾಡುವುದು ಅವರ ಕಣ್ಣಿಗೆ ಬಿದ್ದಿರುತ್ತದೆ. ಎಷ್ಟೋ ಮನೆಗಳಲ್ಲಿ ಗಂಡನೂ ಹೆಂಡತಿಯೂ ಒಬ್ಬರಿಗೊಬ್ಬರು ಗೊತ್ತಿಲ್ಲದಂತೆ ನಟಿಸುತ್ತ, ಅಳುವುದನ್ನು ಬಚ್ಚಲುಮನೆಗೆ ಇಟ್ಟುಕೊಂಡಿರುತ್ತಾರೆ. ಒಮ್ಮೆಲೇ ಘೋಷಣೆ ಮಾಡುವುದು ಬೇಡ. ಮೊದಲು ಕೇಳಿ: ‘ಕಾಯಿಲೆ ಹೇಗಿದೆ ಎಂದು ನಿನಗನ್ನಿಸುತ್ತದೆ? ವರದಿಯ ವಿಷಯ ನಿನಗೆ ಎಷ್ಟು ತಿಳಿಯಬೇಕು?’ ‘ನೀವೇ ನೋಡಿಕೊಳ್ಳಿ’ ಎಂದರೆ ಅದನ್ನು ಗೌರವಿಸಿ. ತಿಳಿಯಬೇಕು ಎಂದರೆ ಮುಂದಿನ ಭೇಟಿಯಲ್ಲಿ ವೈದ್ಯರ ಎದುರು ಇಬ್ಬರೂ ಕೂತು ಮಾತಾಡಿ. ಒಡವೆ ಯಾರಿಗೆ, ಸಾಲ ಎಷ್ಟು, ತವರಿಗೆ ಯಾವಾಗ ಹೋಗಬೇಕು, ಇವನ್ನು ಅವರೇ ನಿರ್ಧರಿಸಬೇಕು. ಆ ಅವಕಾಶ ಕಿತ್ತುಕೊಳ್ಳಬೇಡಿ.

ನಿದ್ದೆಯಿಲ್ಲದಿದ್ದರೆ, ಬದುಕೇ ಬೇಡವೆನಿಸಿದರೆ, ನಿಮಗಾಗಲಿ ಅವರಿಗಾಗಲಿ, ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ. ಉಚಿತ, ಹಗಲಿರುಳೂ ಇರುತ್ತದೆ, ಕನ್ನಡದಲ್ಲಿಯೇ ಮಾತಾಡಬಹುದು.

ಸದಸ್ಯರೊಬ್ಬರ ಸಲಹೆ:
ನಮ್ಮ ಪರಿಚಯದವರೊಬ್ಬರು ಲಕ್ಷ್ಮಣಫಲದ ಎಲೆಯ ಕಷಾಯ ಕುಡಿದು ಕೀಮೋ ನಿಲ್ಲಿಸಿದ್ದಾರೆ, ಚೆನ್ನಾಗಿದ್ದಾರೆ. ಶಿಕ್ಷಕಿಯವರೂ ಪ್ರಯತ್ನಿಸಬಹುದು.

ಉತ್ತರ:
ದಯವಿಟ್ಟು ಬೇಡ. ಪ್ರಯೋಗಶಾಲೆಯ ಬಟ್ಟಲಿನಲ್ಲಿ ಕೋಶಗಳನ್ನು ಕೊಂದದ್ದೆಲ್ಲ ಮನುಷ್ಯರ ದೇಹದಲ್ಲಿ ಕೆಲಸ ಮಾಡುವುದಿಲ್ಲ. ಲಕ್ಷ್ಮಣಫಲ ಸ್ತನ ಕ್ಯಾನ್ಸರನ್ನು ಗುಣಪಡಿಸಿದ್ದಕ್ಕೆ ರೋಗಿಗಳಲ್ಲಿ ಪುರಾವೆಯಿಲ್ಲ. ಕೆರಿಬಿಯನ್ ದ್ವೀಪ ಗ್ವಾಡೆಲೂಪ್‌ನಲ್ಲಿ ಇದರ ಹಣ್ಣು, ಎಲೆಯ ಕಷಾಯವನ್ನು ವರ್ಷಗಟ್ಟಲೆ ಸೇವಿಸಿದವರಲ್ಲಿ ಪಾರ್ಕಿನ್ಸನ್ ಬಗೆಯ ನರರೋಗ ಹೆಚ್ಚಾಗಿ ಕಂಡುಬಂದಿದೆ. ಪ್ಯಾಕ್ಲಿಟ್ಯಾಕ್ಸೆಲ್‌ನಿಂದ ಮೊದಲೇ ಬೆರಳು ಜೋಮು ಹಿಡಿದಿರುವವರಿಗೆ ಇದು ಬೇಡವೇ ಬೇಡ. ಯಕೃತ್ತಿಗೆ ಹರಡಿರುವಾಗ ಯಾವ ಕಷಾಯವನ್ನೂ ವೈದ್ಯರಿಗೆ ತಿಳಿಸದೆ ಕುಡಿಯಬಾರದು. ಅಡುಗೆಗೆ ಹಾಕುವ ಅರಿಸಿನ, ಶುಂಠಿಗೆ ಅಡ್ಡಿಯಿಲ್ಲ.

ಹಾರ್ಮೋನ್ ಬಗೆಯ ಕ್ಯಾನ್ಸರಿಗೆ ಪಾಲ್ಬೊಸಿಕ್ಲಿಬ್ ಅಥವಾ ರೈಬೊಸಿಕ್ಲಿಬ್ ನುಂಗುತ್ತಿರುವವರು ಈ ಬಳಗದಲ್ಲಿದ್ದೀರಿ. ನೀವು ಚಕ್ಕೋತ ಹಣ್ಣು ಬಿಡಿ. ಗ್ರೇಪ್‌ಫ್ರೂಟ್‌ನಂತೆಯೇ ಅದೂ ಔಷಧಿಯ ಪ್ರಮಾಣವನ್ನು ರಕ್ತದಲ್ಲಿ ಏರಿಸಬಲ್ಲದು. ಚಕ್ಕೋತಕ್ಕೆ ಹೆಸರಾದ ದೇವನಹಳ್ಳಿಯ ಕಡೆಯವರಿಗೆ ಬೇಸರವಾದೀತು, ಆದರೆ ಬಿಡಲೇಬೇಕು.

ಪ್ರಶ್ನೆ (ರಾಯಚೂರಿನಿಂದ ಒಬ್ಬ ಮಗ):
ಅವ್ವನಿಗೆ ಎರಡನೇ ಬಗೆಯ ಕೀಮೋ ಹೇಳಿದ್ದಾರೆ. ಎರಡು ಎಕರೆ ಹೊಲ ಮಾರಬೇಕೇ ಎಂಬ ಯೋಚನೆ.

ಉತ್ತರ:
ಹೊಲ ಮಾರುವ ಮುನ್ನ ಎರಡು ವಿಷಯ ತಿಳಿದುಕೊಳ್ಳಿ. ಬಿಪಿಎಲ್ ಪಡಿತರ ಚೀಟಿಯಿದ್ದರೆ ಆಯುಷ್ಮಾನ್ ಭಾರತ್ - ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಸಿಗುತ್ತದೆ. ಎಪಿಎಲ್ ಆದರೆ ಚಿಕಿತ್ಸೆಗೆ ಯೋಜನೆ ಗೊತ್ತುಮಾಡಿದ ಪ್ಯಾಕೇಜ್ ದರದ ಶೇ. 30 ಮಾತ್ರ, ವರ್ಷಕ್ಕೆ 1.5 ಲಕ್ಷದ ಮಿತಿಯಲ್ಲಿ. ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಸಂಸ್ಥೆಯ ಕೇಂದ್ರ ನಿಮಗೆ ಹತ್ತಿರದ ಕಲಬುರಗಿಯಲ್ಲಿದೆ. ಎರಡನೆಯದು, ಬರೆದುಕೊಟ್ಟ ಔಷಧಿಗೆ ಕಡಿಮೆ ಬೆಲೆಯ ಸಮಾನ ಔಷಧಿ ಇದೆಯೇ ಎಂದು ಕೇಳಿ. ಕ್ಯಾಪೆಸಿಟಬಿನ್, ಕಾರ್ಬೋಪ್ಲಾಟಿನ್ ಜೆನೆರಿಕ್‌ನಲ್ಲಿ ಸಿಗುತ್ತವೆ. 2023ರಲ್ಲಿ ಪೇಟೆಂಟ್ ಮುಗಿದ ಮೇಲೆ ಪಾಲ್ಬೊಸಿಕ್ಲಿಬ್ ಬೆಲೆಯೂ ಬಹಳ ಇಳಿಯಿತು. ದುಬಾರಿ ಔಷಧಿಯೊಂದನ್ನು ಹೇಳಿದರೆ, ‘ಇದರಿಂದ ಅವ್ವನಿಗೆ ಎಷ್ಟು ಲಾಭ, ಇದು ಬಿಟ್ಟು ಬೇರೆ ಯಾವುದಿದೆ?’ ಎಂದು ನೇರವಾಗಿ ಕೇಳಿ. ಹೊಲ ಮಾರಿ ತರುವ ಔಷಧಿಯ ಬಗ್ಗೆ ಇಷ್ಟು ಕೇಳುವ ಅಧಿಕಾರ ನಿಮಗಿದೆ.

ಶಿಕ್ಷಕಿಯವರ ಮರುಪ್ರಶ್ನೆ:
ಡಾಕ್ಟರ್, ನಿಮ್ಮ ಉತ್ತರ ಮಗಳೊಂದಿಗೆ ಕೂತು ಓದಿದೆ. ಇನ್ನೆರಡು ಪ್ರಶ್ನೆ. ಎರಡನೇ ಔಷಧಿಯೂ ಕೆಲಸ ಮಾಡದಿದ್ದರೆ ಎಲ್ಲಿ ನಿಲ್ಲಿಸುವುದು? ನಿಮ್ಮಂಥ ಉಪಶಮನ ವೈದ್ಯರ ಬಳಿ ಹೋಗುವುದು ಆವಾಗಲೇ? ಅಲ್ಲಿಯತನಕ ಶಾಲೆಗೆ ಹೋಗಬಹುದೇ?

ಉತ್ತರ:
ಉಪಶಮನ ವೈದ್ಯರ ಬಳಿ ಈಗಲೇ ಹೋಗಿ, ಕೀಮೋ ಜೊತೆಜೊತೆಗೇ. 2010ರಲ್ಲಿ ಅಮೆರಿಕದಲ್ಲಿ, ಹರಡಿದ ಶ್ವಾಸಕೋಶ ಕ್ಯಾನ್ಸರ್ ಇದ್ದವರ ಮೇಲೆ ನಡೆದ ಅಧ್ಯಯನವೊಂದು ಪ್ರಕಟವಾಯಿತು. ಕಾಯಿಲೆ ತಿಳಿದ ಕೂಡಲೇ ಉಪಶಮನ ಆರೈಕೆ ಪಡೆದವರಲ್ಲಿ ಖಿನ್ನತೆ ಕಡಿಮೆಯಿತ್ತು. ಕೊನೆಯಲ್ಲಿ ಅವರಿಗೆ ಉಗ್ರ ಚಿಕಿತ್ಸೆ ಕಡಿಮೆ ನಡೆದಿತ್ತು, ಆದರೂ ಅವರು ಹೆಚ್ಚು ಕಾಲ ಬದುಕಿದರು. ನಮ್ಮಲ್ಲಿ ಜನ ನನ್ನ ಬಳಿ ಕೊನೆಯ ವಾರದಲ್ಲಿ ಬರುತ್ತಾರೆ. ತಿಂಗಳುಗಳ ನೋವನ್ನು ಸುಮ್ಮನೆ ಅನುಭವಿಸಿ ಬಂದಿರುತ್ತಾರೆ, ಅದನ್ನು ನೋಡಿ ಸಂಕಟವಾಗುತ್ತದೆ.

ನಿಲ್ಲಿಸುವ ಗುರುತು ಸ್ಕ್ಯಾನ್‌ಗಿಂತ ನಿಮ್ಮ ದಿನಚರಿಯಲ್ಲಿ ಹೆಚ್ಚು ಸಿಗುತ್ತದೆ. ಎಚ್ಚರವಿರುವ ಹೊತ್ತಿನಲ್ಲಿ ಅರ್ಧಕ್ಕಿಂತ ಹೆಚ್ಚು ಹಾಸಿಗೆಯಲ್ಲೇ ಕಳೆಯುವಂತಾದರೆ, ಒಂದು ಸುತ್ತಿನಿಂದ ಚೇತರಿಸಿಕೊಳ್ಳುವ ಮೊದಲೇ ಮುಂದಿನದು ಬಂದರೆ, ಆಗ ಕೀಮೋದಿಂದ ಲಾಭಕ್ಕಿಂತ ಹಾನಿಯೇ ಹೆಚ್ಚು. ನಿಲ್ಲುವುದು ಕೀಮೋ ಮಾತ್ರ. ನೋವು, ಉಸಿರಾಟದ ಕಷ್ಟ, ವಾಂತಿಗೆ ಚಿಕಿತ್ಸೆ ಮುಂದುವರಿಯುತ್ತದೆ. ಮನೆಯಲ್ಲಿ ನೋಡಿಕೊಳ್ಳಲು ಆಗದಿದ್ದರೆ ಬೆಂಗಳೂರಿನ ಕರುಣಾಶ್ರಯದಂಥ ಕಡೆ ಹಣ ತೆಗೆದುಕೊಳ್ಳದೆ ಆರೈಕೆ ಮಾಡುತ್ತಾರೆ. ಕೊನೆಗೆ ವೆಂಟಿಲೇಟರ್ ಬೇಕೇ ಬೇಡವೇ ಎಂಬುದನ್ನು ಈಗಲೇ ಬರೆದಿಡಬಹುದು. ಸುಪ್ರೀಂ ಕೋರ್ಟ್ 2018ರಲ್ಲಿ ಇದಕ್ಕೆ ಮಾನ್ಯತೆ ಕೊಟ್ಟು, 2023ರಲ್ಲಿ ವಿಧಾನವನ್ನು ಸರಳಗೊಳಿಸಿತು. ಇಬ್ಬರು ಸಾಕ್ಷಿಗಳ ಮುಂದೆ ಸಹಿ ಮಾಡಿ ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯಿಂದ ದೃಢೀಕರಿಸಿದರೆ ಸಾಕು.

ಶಾಲೆಗೆ ಹೋಗಿ, ಮೈಯಲ್ಲಿ ಶಕ್ತಿಯಿದ್ದ ದಿನ ಖಂಡಿತ ಹೋಗಿ. ಕೂತು ಪಾಠ ಮಾಡಿ, ಪುಸ್ತಕದ ಕಟ್ಟು ಎತ್ತಬೇಡಿ. ಕೀಮೋ ಆದ ಎರಡನೇ ವಾರದ ಹೊತ್ತಿಗೆ ಬಿಳಿಕಣ ತೀರಾ ಇಳಿದಿರಬಹುದು, ಮಕ್ಕಳಲ್ಲಿ ನೆಗಡಿ ಜ್ವರ ಇದ್ದರೆ ಆ ದಿನಗಳಲ್ಲಿ ಮನೆಯಲ್ಲಿರಿ. ಮನೆಯಲ್ಲೊಂದು ಥರ್ಮಾಮೀಟರ್ ಇರಲಿ. 100.4 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿದರೆ ಪ್ಯಾರಾಸಿಟಮಾಲ್ ನುಂಗಿ ಮಲಗಬೇಡಿ, ನೇರ ಆಸ್ಪತ್ರೆಗೆ ಹೋಗಿ ಕೀಮೋ ಆಗುತ್ತಿದೆ ಎಂದು ಮೊದಲೇ ಹೇಳಿ. ಮತ್ತೆ, ಬೆನ್ನಿನ ಎಂ.ಆರ್.ಐ. ಆಗಿದೆ ಎಂದು ನೀವು ಎಲ್ಲೂ ಬರೆದಿಲ್ಲ. ಆಗಿರದಿದ್ದರೆ ಇದೇ ವಾರ ವೈದ್ಯರನ್ನು ಕೇಳಿ ಮಾಡಿಸಿಕೊಳ್ಳಿ.